ಬೇಸಿಗೆಯಲ್ಲಿ ಟೈರಿನ ಗಾಳಿ ಇಳಿಸಬೇಡಿ

ಮಾರ್ಚ್ ಕಾಲಿಟ್ಟರೆ ಸಾಕು, ಬೆಂಗಳೂರಿನ ಮಾಗಡಿ ರಸ್ತೆಯ ಪಂಕ್ಚರ್ ಅಂಗಡಿಗಳಲ್ಲಿ ಒಂದು ಮಾತು ಕೇಳಿಸತೊಡಗುತ್ತದೆ: "ಬಿಸಿಲು ಜಾಸ್ತಿ ಸಾರ್, ಎರಡು ಕಮ್ಮಿ ಇಡ್ತೀನಿ." ಕಾಮಾಕ್ಷಿಪಾಳ್ಯದಲ್ಲಿ, ಸುಮನಹಳ್ಳಿ ಜಂಕ್ಷನ್ ಹತ್ತಿರ, ಬಸವೇಶ್ವರನಗರದ ಒಳರಸ್ತೆಗಳಲ್ಲಿ ಈ ಸಲಹೆ ಕೇಳದ ಕಾರು ಮಾಲೀಕರು ಕಡಿಮೆ. ಹೇಳುವವರ ಮನಸ್ಸಿನಲ್ಲಿ ಇರುವುದು ಒಳ್ಳೆಯದೇ. ಬಿಸಿಗೆ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿ ಟೈರನ್ನು ಒಡೆಯುತ್ತದೆ, ಆದ್ದರಿಂದ ಮೊದಲೇ ಸ್ವಲ್ಪ ಕಡಿಮೆ ಇಟ್ಟರೆ ಕ್ಷೇಮ ಎಂಬುದು ಅವರ ಲೆಕ್ಕ. ಕೇಳುವವರಿಗೂ ಅದು ಸರಿ ಎನಿಸುತ್ತದೆ, ತಲೆಯಾಡಿಸಿ ಗಾಳಿ ಇಳಿಸಿಕೊಂಡು ಹೋಗುತ್ತಾರೆ.

ಈ ಲೆಕ್ಕದಲ್ಲಿ ಮೊದಲನೆಯದು ನಿಜ. ಎರಡನೆಯದು ಆರೋಗ್ಯವಾಗಿರುವ ಟೈರಿಗೆ ಅನ್ವಯಿಸುವುದೇ ಇಲ್ಲ. ಮೂರನೆಯದು ಅಪಾಯಕಾರಿ. ಬೇಸಿಗೆಯಲ್ಲಿ ಟೈರು ಸಿಡಿಯುವುದಕ್ಕೆ ಗಾಳಿ ಹೆಚ್ಚಾಗಿರುವುದಕ್ಕಿಂತ ಗಾಳಿ ಕಡಿಮೆಯಾಗಿರುವುದೇ ಬಹಳ ಮಟ್ಟಿಗೆ ಕಾರಣ. ಇದು ಮೇಲುನೋಟಕ್ಕೆ ತಲೆಕೆಳಗಾದ ಮಾತಿನಂತೆ ಕಾಣುತ್ತದೆ. ಅದಕ್ಕಾಗಿಯೇ ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ.

ಬೆಂಗಳೂರಿನವರಿಗೆ ಬಿಸಿಲಿನ ಭಯ ಸುಮ್ಮನೆ ಹುಟ್ಟಿದ್ದಲ್ಲ. 2016ರ ಏಪ್ರಿಲ್ 24ರಂದು ನಗರದಲ್ಲಿ 39.2 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. 2024ರ ಏಪ್ರಿಲ್ 28ರಂದು 38.5 ಡಿಗ್ರಿ ಮುಟ್ಟಿತು. ಇವೆಲ್ಲ ನೆರಳಿನಲ್ಲಿ ಅಳೆದ ಗಾಳಿಯ ಉಷ್ಣತೆ. ನೇರ ಬಿಸಿಲಿಗೆ ಒಡ್ಡಿಕೊಂಡ ಡಾಂಬರಿನ ಮೈ ಅಂಥ ಮಧ್ಯಾಹ್ನ 60 ಡಿಗ್ರಿಯ ಹತ್ತಿರ ಹೋಗುತ್ತದೆ. ಕಾಮಾಕ್ಷಿಪಾಳ್ಯದಂಥ ಕಡೆ, ಶೀಟ್ ಹೊದಿಸಿದ ಷೆಡ್ಡುಗಳು, ಲೇತ್ ಅಂಗಡಿಗಳು, ಪ್ರೆಸ್ ಶಾಪುಗಳು ಒತ್ತೊತ್ತಾಗಿ ನಿಂತಿರುವ ರಸ್ತೆಗಳಲ್ಲಿ, ಮರದ ನೆರಳು ಹುಡುಕಿ ಗಾಡಿ ನಿಲ್ಲಿಸುವುದೇ ಕಷ್ಟ. ಕಪ್ಪು ರಬ್ಬರು ಬಿಸಿಲನ್ನು ಚೆನ್ನಾಗಿ ಹೀರುತ್ತದೆ. ಒಂದು ಪಕ್ಕ ಬಿಸಿಲು, ಇನ್ನೊಂದು ಪಕ್ಕ ನೆರಳು ಬೀಳುವಂತೆ ನಿಲ್ಲಿಸಿದ ಕಾರಿನ ಎಡ ಬಲ ಟೈರುಗಳನ್ನು ಅಳೆದು ನೋಡಿ, ಬೆಳಗ್ಗೆ ಸಮನಾಗಿದ್ದವು ಮಧ್ಯಾಹ್ನ ಒಂದೆರಡು ಅಂಕಿ ಹೆಚ್ಚುಕಡಿಮೆ ತೋರಿಸುತ್ತವೆ.

ಏಕೆ ಹೀಗಾಗುತ್ತದೆ? ಟೈರಿನೊಳಗಿನ ಗಾಳಿಯ ಕಣಗಳು ಸದಾ ಓಡಾಡುತ್ತ ಒಳಗೋಡೆಗೆ ಬಡಿಯುತ್ತಿರುತ್ತವೆ. ಆ ಬಡಿತಗಳ ಒಟ್ಟು ಬಲವನ್ನೇ ನಾವು ಒತ್ತಡ ಎನ್ನುವುದು. ಬಿಸಿ ಏರಿದರೆ ಕಣಗಳ ಓಟ ಚುರುಕಾಗುತ್ತದೆ, ಬಡಿತ ಜೋರಾಗುತ್ತದೆ. ಟೈರಿನೊಳಗೆ ಉಕ್ಕಿನ ತಂತಿಯ ಪಟ್ಟಿಗಳೂ ಬಲವಾದ ನೂಲಿನ ಪದರಗಳೂ ಇರುವುದರಿಂದ ಅದು ಹಿಗ್ಗುವುದು ತೀರಾ ಕಡಿಮೆ. ಜಾಗ ಅಷ್ಟೇ, ಬಡಿತ ಜಾಸ್ತಿ, ಹಾಗಾಗಿ ಒತ್ತಡ ಏರುತ್ತದೆ. ಪ್ಯಾರಿಸ್ಸಿನ ಗಿಯೋಮ್ ಅಮೋಂತೋ ಎಂಬ, ಎಳವೆಯಲ್ಲೇ ಕಿವುಡಾದ ವಿಜ್ಞಾನಿ 18ನೇ ಶತಮಾನದ ಆರಂಭದಲ್ಲೇ ಇದನ್ನು ಅಳೆದು ನೋಡಿದ್ದರು. ಮುಚ್ಚಿಟ್ಟ ಗಾಳಿಯನ್ನು ಕುದಿನೀರಿನ ಬಿಸಿಗೆ ತಂದರೆ ಅದರ ಒತ್ತಡ ಸುಮಾರು ಮೂರನೇ ಒಂದು ಪಾಲು ಹೆಚ್ಚುತ್ತದೆ ಎಂದು ಅವರು ಕಂಡುಕೊಂಡಾಗ ಜಗತ್ತಿನಲ್ಲಿ ಗಾಳಿ ತುಂಬಿದ ಟೈರೇ ಇರಲಿಲ್ಲ.

ಅದೇ ನಿಯಮವನ್ನು ನಮ್ಮ ಕಾರಿಗೆ ಹಚ್ಚೋಣ. ಗೇಜ್ 33 ಪಿಎಸ್‌ಐ (ಚದರ ಇಂಚಿಗೆ 33 ಪೌಂಡ್ ಒತ್ತಡ) ತೋರಿಸಿದರೆ, ಹೊರಗಿನ ವಾತಾವರಣದ ಒತ್ತಡಕ್ಕಿಂತ ಅಷ್ಟು ಹೆಚ್ಚಿದೆ ಎಂದರ್ಥ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ವಾತಾವರಣದ ಒತ್ತಡ ಸುಮಾರು 13 ಪಿಎಸ್‌ಐ. ಎರಡನ್ನೂ ಕೂಡಿದರೆ ಟೈರಿನೊಳಗಿನ ನಿಜವಾದ ಒತ್ತಡ 46. ಉಷ್ಣತೆಯನ್ನೂ ಸೊನ್ನೆ ಡಿಗ್ರಿಯಿಂದ ಎಣಿಸುವಂತಿಲ್ಲ, ಅದಕ್ಕಿಂತ 273 ಡಿಗ್ರಿ ಕೆಳಗಿನಿಂದ ಎಣಿಸಬೇಕು. ಹಾಗೆ ನೋಡಿದರೆ ಬೆಂಗಳೂರಿನ ಹಿತವಾದ 27 ಡಿಗ್ರಿ ಎಂದರೆ 300. ಇನ್ನು ಉಳಿದದ್ದು ಶಾಲೆಯ ತ್ರೈರಾಶಿ ಲೆಕ್ಕ: ಉಷ್ಣತೆ 10 ಡಿಗ್ರಿ ಏರಿದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಹತ್ತಕ್ಕೆ ಒಂದೂವರೆ ಎಂದು ನೆನಪಿಟ್ಟುಕೊಂಡರೆ ಸಾಕು, ಮುಂದಿನದೆಲ್ಲ ತಾನಾಗಿ ತಿಳಿಯುತ್ತದೆ.

ಜನವರಿಯ ಮುಂಜಾನೆ 15 ಡಿಗ್ರಿ, ಏಪ್ರಿಲ್ಲಿನ ಮಧ್ಯಾಹ್ನ 37 ಡಿಗ್ರಿ ಎಂದಿಟ್ಟುಕೊಳ್ಳಿ. 22 ಡಿಗ್ರಿಯ ಅಂತರ, ಮೂರು ಚಿಲ್ಲರೆ ಪಿಎಸ್‌ಐ ವ್ಯತ್ಯಾಸ. ಕಾರು ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿದರೆ ಟೈರು ಸುತ್ತಲಿನ ಗಾಳಿಗಿಂತ ಇನ್ನೂ ಇಪ್ಪತ್ತು ಮೂವತ್ತು ಡಿಗ್ರಿ ಬಿಸಿಯಾಗುತ್ತದೆ, ಅದರಿಂದ ಮತ್ತೆ ಮೂರು ನಾಲ್ಕು. ಬೆಂಗಳೂರು ಬಿಟ್ಟು ಕಲಬುರಗಿ, ರಾಯಚೂರಿನ ಮೇ ತಿಂಗಳನ್ನು ತೆಗೆದುಕೊಳ್ಳೋಣ. 43 ಡಿಗ್ರಿ ಬಿಸಿಲಿನಲ್ಲಿ ಓಡಿ ಓಡಿ ಟೈರು 75 ಡಿಗ್ರಿ ತಲುಪಿತು ಎಂದರೂ, 27 ಡಿಗ್ರಿಯಲ್ಲಿ 33 ಇದ್ದದ್ದು 40ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಈಗ ಟೈರಿನ ಪಕ್ಕದ ಗೋಡೆಯನ್ನು ಓದಿ. ಹೆಚ್ಚಿನ ಕಾರು ಟೈರುಗಳ ಮೇಲೆ ಗರಿಷ್ಠ ಒತ್ತಡ 44 ಅಥವಾ 51 ಪಿಎಸ್‌ಐ ಎಂದು ಅಚ್ಚಾಗಿರುತ್ತದೆ, ಅದೂ ತಣ್ಣಗಿರುವಾಗಿನ ಲೆಕ್ಕ. ಓಡುವಾಗ ಬಿಸಿಯಾಗಿ ಇನ್ನಷ್ಟು ಏರುತ್ತದೆ ಎಂಬುದು ಗೊತ್ತಿದ್ದೇ ಟೈರು ಮಾಡುವವರು ಅದನ್ನು ಮಾಡಿರುತ್ತಾರೆ. ಗಟ್ಟಿಮುಟ್ಟಾದ ಟೈರು ಬರೀ ಗಾಳಿಯ ಒತ್ತಡಕ್ಕೆ ಸಿಡಿಯಬೇಕಾದರೆ ಇದರ ಹಲವು ಪಟ್ಟು ಒತ್ತಡ ಬೇಕು. ಅಂದರೆ ಬಿಸಿಲಿಗೆ ಏರುವ ಆರೇಳು ಅಂಕಿಗೆ ಹೆದರಬೇಕಾಗಿಲ್ಲ.

ಗೋಡೆಯ ಮೇಲಿನ ಆ ಗರಿಷ್ಠ ಸಂಖ್ಯೆಯೇ ನಾವು ತುಂಬಿಸಬೇಕಾದ ಸಂಖ್ಯೆ ಎಂದು ತಿಳಿದವರೂ ಇದ್ದಾರೆ. ಅದೂ ತಪ್ಪು. ನಮ್ಮ ಕಾರಿಗೆ ಎಷ್ಟು ಬೇಕು ಎಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲು ತೆರೆದಾಗ ಕಾಣುವ ಕಂಬದ ಸ್ಟಿಕ್ಕರಿನಲ್ಲಿರುತ್ತದೆ. ಕಾರಿನ ತೂಕ, ಟೈರಿನ ಅಳತೆ, ಬ್ರೇಕು, ತಿರುವು ಎಲ್ಲವನ್ನೂ ನೋಡಿ ಗೊತ್ತುಪಡಿಸಿದ ಸಂಖ್ಯೆ ಅದು. ತಣ್ಣಗಿರುವ ಟೈರಿಗೆ ಹೇಳಿದ ಸಂಖ್ಯೆ ಎಂಬುದು ಮುಖ್ಯ.

ನಮ್ಮಲ್ಲಿ ಎಡವಟ್ಟು ಆಗುವುದು ಈ 'ತಣ್ಣಗಿರುವ' ಎಂಬ ಷರತ್ತನ್ನು ಮರೆತಾಗ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಮಾಗಡಿ ರಸ್ತೆಯ ದಟ್ಟಣೆಯಲ್ಲಿ ಒಂದು ಗಂಟೆ ಒದ್ದಾಡಿ ಬಂದ ಕಾರನ್ನು ಗಾಳಿ ಚೆಕ್ ಮಾಡಿಸಲು ನಿಲ್ಲಿಸಿದಿರಿ ಎನ್ನೋಣ. ಟೈರು 55 ಡಿಗ್ರಿ ಬಿಸಿಯಾಗಿದೆ. ಗೇಜ್ 37 ತೋರಿಸುತ್ತದೆ. "ಜಾಸ್ತಿ ಇದೆ" ಎಂದು 33ಕ್ಕೆ ಇಳಿಸುತ್ತಾರೆ. ರಾತ್ರಿ ಕಳೆದು ಬೆಳಗ್ಗೆ 23 ಡಿಗ್ರಿಗೆ ತಣಿದ ಅದೇ ಟೈರಿನಲ್ಲಿ ಉಳಿದಿರುವುದು ಇಪ್ಪತ್ತೆಂಟೂವರೆ ಮಾತ್ರ. ಬೇಸಿಗೆ ಎಂದು ಇನ್ನೂ ಎರಡು ಕಡಿಮೆ ಮಾಡಿಸಿ 31ಕ್ಕೆ ಇಳಿಸಿದ್ದರೆ ಬೆಳಗ್ಗೆ ಇರುವುದು 27ಕ್ಕಿಂತ ಕಡಿಮೆ. ರಬ್ಬರಿನ ಮೂಲಕ ಗಾಳಿ ತಾನಾಗಿಯೇ ತಿಂಗಳಿಗೆ ಒಂದು ಪಿಎಸ್‌ಐನಷ್ಟು ಸೋರುತ್ತಿರುತ್ತದೆ. ಹೀಗೆ ಒಂದು ತಿಂಗಳು ಕಳೆದರೆ ಆ ಕಾರು ಓಡುತ್ತಿರುವುದು 26 ಪಿಎಸ್‌ಐ ಮೇಲೆ. ಮಾಲೀಕರು ಮಾತ್ರ ತಮ್ಮ ಟೈರಿನಲ್ಲಿ ಸರಿಯಾಗಿ ಗಾಳಿ ಇದೆ ಎಂದೇ ನಂಬಿರುತ್ತಾರೆ.

ಗಾಳಿ ಕಡಿಮೆಯಾದರೆ ಏನಾಗುತ್ತದೆ? ಕಾರಿನ ತೂಕವನ್ನು ಹೊರುವುದು ರಬ್ಬರಲ್ಲ, ಗಾಳಿ. 1,200 ಕಿಲೋ ತೂಕದ ಕಾರಿನ ಒಂದೊಂದು ಚಕ್ರಕ್ಕೆ 300 ಕಿಲೋ. 33 ಪಿಎಸ್‌ಐ ಗಾಳಿಯಲ್ಲಿ ಅಷ್ಟು ತೂಕ ಹೊರಲು ಟೈರು ರಸ್ತೆಗೆ ಊರಿಕೊಳ್ಳುವ ಜಾಗ ಸುಮಾರು 130 ಚದರ ಸೆಂಟಿಮೀಟರ್. ಗಾಳಿ ಇಳಿದಷ್ಟೂ ಟೈರು ಹೆಚ್ಚು ಚಪ್ಪಟೆಯಾಗಿ ಹೆಚ್ಚು ಜಾಗ ಊರಬೇಕಾಗುತ್ತದೆ, ಪಕ್ಕದ ಗೋಡೆ ಹೆಚ್ಚು ಬಗ್ಗಬೇಕಾಗುತ್ತದೆ. ಚಕ್ರ ಒಂದು ಸುತ್ತು ಬಂದಾಗ ಟೈರಿನ ಪ್ರತಿಯೊಂದು ಭಾಗವೂ ಒಮ್ಮೆ ನೆಲಕ್ಕೆ ಬಂದು ಬಗ್ಗಿ, ಮೇಲೇಳುತ್ತ ನೆಟ್ಟಗಾಗುತ್ತದೆ. ಕಾಮಾಕ್ಷಿಪಾಳ್ಯದ ವರ್ಕ್‌ಶಾಪುಗಳಲ್ಲಿ ಕೆಲಸ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಟರ್ ಕೈಗೆ ಸಿಗದಿದ್ದಾಗ ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತಾರಲ್ಲ, ಮುರಿಯುವ ಮುಂಚೆ ಆ ಜಾಗ ಬೆರಳಿಗೆ ಚುರುಕ್ಕೆನ್ನುವಷ್ಟು ಬಿಸಿಯಾಗಿರುತ್ತದೆ. ಬಗ್ಗಿಸಲು ಹಾಕಿದ ಶಕ್ತಿಯೆಲ್ಲ ವಾಪಸು ಬರುವುದಿಲ್ಲ, ಒಂದಷ್ಟು ಒಳಗೇ ಶಾಖವಾಗಿ ಉಳಿಯುತ್ತದೆ. ರಬ್ಬರಿನಲ್ಲೂ ನಡೆಯುವುದು ಅದೇ.

ಸಣ್ಣ ಕಾರಿನ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 540 ಸುತ್ತು ಸುತ್ತುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ 15 ಸುತ್ತು. ಕಾಮಾಕ್ಷಿಪಾಳ್ಯದಿಂದ ಮೈಸೂರಿಗೆ ಸುಮಾರು 140 ಕಿಲೋಮೀಟರ್ ಎಂದರೆ ಟೈರಿನ ಪ್ರತಿಯೊಂದು ತುಣುಕೂ 75 ಸಾವಿರ ಸಲ ಬಗ್ಗಿ ನೆಟ್ಟಗಾಗುತ್ತದೆ. ಗಾಳಿ ಸರಿಯಾಗಿದ್ದರೆ ಬಗ್ಗುವುದು ಕಡಿಮೆ, ಹುಟ್ಟಿದ ಶಾಖ ಬೀಸುವ ಗಾಳಿಗೆ ಹೋಗಿಬಿಡುತ್ತದೆ. ಗಾಳಿ ಕಡಿಮೆಯಿದ್ದರೆ ಬಗ್ಗುವುದು ಜಾಸ್ತಿ, ಶಾಖ ಹುಟ್ಟುವ ವೇಗವೇ ಆರುವ ವೇಗವನ್ನು ಮೀರುತ್ತದೆ. ರಬ್ಬರು ಬಿಸಿಯಾದಂತೆ ಮೆದುವಾಗುತ್ತದೆ, ರಬ್ಬರಿಗೂ ಉಕ್ಕಿನ ಪಟ್ಟಿಗೂ ಇರುವ ಬೆಸುಗೆ ಸಡಿಲವಾಗುತ್ತದೆ, ಕೊನೆಗೆ ಪದರ ಬಿಟ್ಟುಕೊಂಡು ಟೈರು ಸಿಡಿಯುತ್ತದೆ. ಸುತ್ತಲಿನ ಗಾಳಿ 25 ಡಿಗ್ರಿ ಇದ್ದಾಗ ಹೇಗೋ ನಿಭಾಯಿಸುವ ಟೈರು 38 ಡಿಗ್ರಿಯಲ್ಲಿ ಕೈಕೊಡುತ್ತದೆ. ಬಿಸಿಲಿನ ಪಾತ್ರ ಇಷ್ಟು. ಕೊಲ್ಲುವ ಶಾಖ ಹುಟ್ಟುವುದು ರಬ್ಬರಿನ ಒಳಗೇ, ಬಿಸಿಲು ಅದನ್ನು ಆರಲು ಬಿಡುವುದಿಲ್ಲ.

ಮೇಲೆ ಹೇಳಿದ 26 ಎಂಬ ಸಂಖ್ಯೆಗೆ ಒಂದು ನೋವಿನ ಇತಿಹಾಸವಿದೆ. ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಎಂಬ ದೊಡ್ಡ ಕಾರಿಗೆ ಫೈರ್‌ಸ್ಟೋನ್ ಟೈರು ಹಾಕಿ, 26 ಪಿಎಸ್‌ಐ ಗಾಳಿ ಇಡುವಂತೆ ಫೋರ್ಡ್ ಶಿಫಾರಸು ಮಾಡಿತ್ತು. 1990ರ ದಶಕದಲ್ಲಿ ಆ ಟೈರುಗಳು ಓಡುವಾಗಲೇ ಪದರ ಬಿಟ್ಟುಕೊಂಡು ಕಾರುಗಳು ಪಲ್ಟಿಯಾಗತೊಡಗಿದವು. ಟೆಕ್ಸಾಸ್, ಫ್ಲೋರಿಡಾ, ಅರಿಜೋನಾದಂಥ ಬಿಸಿಲಿನ ರಾಜ್ಯಗಳಲ್ಲೇ ಅವಘಡ ಹೆಚ್ಚು. 2000ನೇ ಇಸವಿಯ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಸುಮಾರು 65 ಲಕ್ಷ ಟೈರುಗಳನ್ನು ವಾಪಸು ಕರೆಸಿಕೊಂಡಿತು. ಅಮೆರಿಕದ ಸರ್ಕಾರಿ ತನಿಖೆ ಈ ಟೈರುಗಳೊಂದಿಗೆ ತಳಕು ಹಾಕಿದ ಸಾವುಗಳು 270ಕ್ಕೂ ಹೆಚ್ಚು. ಟೈರಿನ ತಯಾರಿಕೆಯಲ್ಲೇ ದೋಷವಿತ್ತು, ಕಾರು ಪಲ್ಟಿಯಾಗುವ ಸ್ವಭಾವದ್ದು ಎಂಬ ವಾದಗಳೂ ಇದ್ದವು. ಆದರೆ ಕಡಿಮೆ ಗಾಳಿ, ಹೆಚ್ಚು ಹೊರೆ, ವೇಗ, ಬಿಸಿಲು ಇವೆಲ್ಲ ಸೇರಿದರೆ ಏನಾಗುತ್ತದೆ ಎಂಬುದು ಆ ತನಿಖೆಯಲ್ಲಿ ಎದ್ದು ಕಂಡಿತು. ಶಿಫಾರಸನ್ನು 30ಕ್ಕೆ ಏರಿಸಬೇಕೆಂದು ಟೈರು ಕಂಪನಿಯೇ ಹೇಳಿತು. ಆ ವರ್ಷವೇ ಅಮೆರಿಕದ ಸಂಸತ್ತು ಹೊಸ ಕಾನೂನು ತಂದಿತು. ಅದರ ಫಲವಾಗಿ 2007ರ ಸೆಪ್ಟೆಂಬರಿನಿಂದ ಅಲ್ಲಿನ ಹೊಸ ಕಾರುಗಳಲ್ಲೆಲ್ಲ ಟೈರಿನ ಒತ್ತಡ ಕಡಿಮೆಯಾದರೆ ಎಚ್ಚರಿಸುವ ಸಾಧನ ಕಡ್ಡಾಯವಾಯಿತು. ಇಷ್ಟು ಜೀವಗಳ ಬೆಲೆ ತೆತ್ತು ಕಲಿತ ಪಾಠವನ್ನು ನಾವು ಬೇಸಿಗೆಯ ಹೆಸರಿನಲ್ಲಿ ಪ್ರತಿ ವರ್ಷ ಕೈಬಿಡುತ್ತಿದ್ದೇವೆ ಎಂಬುದೇ ನನ್ನ ಸಂಕಟ.

ನಮ್ಮಲ್ಲಿ ಈ ಮಾತಿಗೆ ಈಗ ಹೆಚ್ಚು ತೂಕ ಬಂದಿರುವುದು ರಸ್ತೆಗಳು ಬದಲಾದದ್ದರಿಂದ. ಹಳೆಯ ಮೈಸೂರು ರಸ್ತೆಯಲ್ಲಿ ಬಿಡದಿ, ರಾಮನಗರ, ಚನ್ನಪಟ್ಟಣ ಎಂದು ಊರಿಂದೂರಿಗೆ ಹಂಪು, ಸಿಗ್ನಲ್, ಎಮ್ಮೆ ಎತ್ತು ದಾಟಿ ಹೋಗಬೇಕಿತ್ತು. ಮದ್ದೂರಿನಲ್ಲಿ ವಡೆಗೆ ನಿಲ್ಲಿಸಿದರೆ ಕಾರಿನ ಟೈರೂ ಅಷ್ಟು ಹೊತ್ತು ತಣಿಯುತ್ತಿತ್ತು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ 118 ಕಿಲೋಮೀಟರ್ ಉದ್ದದ ಬೆಂಗಳೂರು–ಮೈಸೂರು ದಶಪಥ ಆ ಊರುಗಳನ್ನೆಲ್ಲ ಬೈಪಾಸಿನಲ್ಲಿ ದಾಟಿಸುತ್ತದೆ. ಕಾಮಾಕ್ಷಿಪಾಳ್ಯದಿಂದ ರಿಂಗ್ ರಸ್ತೆ ಹಿಡಿದು ನಾಯಂಡಹಳ್ಳಿ, ಕೆಂಗೇರಿ ದಾಟಿ ಕುಂಬಳಗೋಡಿನಲ್ಲಿ ಅದರ ಮೇಲೇರಿದರೆ ಟೋಲ್ ಬಿಟ್ಟು ಬೇರೆಲ್ಲೂ ಬ್ರೇಕಿಗೆ ಕಾಲಿಡದೆ ಹೋಗಬಹುದು. ನಗರದೊಳಗೆ 30 ಕಿಲೋಮೀಟರ್ ವೇಗದಲ್ಲಿ ತೆವಳುವಾಗ 26 ಪಿಎಸ್‌ಐ ಟೈರಿನ ದೋಷ ಗೊತ್ತೇ ಆಗುವುದಿಲ್ಲ. ಅದೇ ಟೈರು 100ರ ವೇಗದಲ್ಲಿ ಒಂದೂಕಾಲು ಗಂಟೆ ಬಿಡುವಿಲ್ಲದೆ ಓಡಿದಾಗ ಮುಚ್ಚಿಕೊಂಡಿದ್ದ ದೋಷ ಬಯಲಾಗುತ್ತದೆ. ಮಹಾರಾಷ್ಟ್ರದಲ್ಲಿ ಮುಂಬೈ–ನಾಗ್ಪುರ ಸಮೃದ್ಧಿ ಮಹಾಮಾರ್ಗದ ಮೊದಲ ಹಂತ 2022ರ ಡಿಸೆಂಬರಿನಲ್ಲಿ ಶುರುವಾದ ಮೇಲೆ ಅಪಘಾತಗಳು ಹೆಚ್ಚಿದಾಗ, ಅಲ್ಲಿನ ಸಾರಿಗೆ ಇಲಾಖೆ ಪ್ರವೇಶದ ಬಳಿಯೇ ಟೈರುಗಳನ್ನು ತಪಾಸಣೆ ಮಾಡಿ ಸವೆದ ಟೈರಿನ ವಾಹನಗಳನ್ನು ವಾಪಸು ಕಳಿಸತೊಡಗಿತು. ನಮ್ಮ ದಶಪಥದ ಬಾಯಲ್ಲೂ ಅಂಥದ್ದೊಂದು ವ್ಯವಸ್ಥೆ ಇರಬೇಕು ಎಂಬುದು ನನ್ನ ಆಗ್ರಹ. ವೇಗಕ್ಕೆ ಕ್ಯಾಮೆರಾ ಇಟ್ಟಷ್ಟೇ ಅಗತ್ಯ ಅದು.

ಕಾಮಾಕ್ಷಿಪಾಳ್ಯದ ಮಾತು ಬಂದಾಗ ಬರೀ ಕಾರಿನ ಬಗ್ಗೆ ಬರೆದು ಮುಗಿಸಲಾಗದು. ಇಲ್ಲಿನ ಸಣ್ಣ ಕೈಗಾರಿಕೆಗಳ ಮಾಲು ಸಾಗುವುದು ಲಗೇಜ್ ಆಟೊ, ಟಾಟಾ ಏಸ್, ಟೆಂಪೊಗಳಲ್ಲಿ. ಕಬ್ಬಿಣದ ರಾಡು, ಶೀಟು, ಎರಕದ ತುಂಡುಗಳು ನೋಡಲು ಸ್ವಲ್ಪವೇ ಇದ್ದರೂ ತೂಕ ಭಾರಿ. ಗಾಡಿಯ ಡಬ್ಬಿ ಅರ್ಧ ಖಾಲಿ ಕಾಣುತ್ತಿದ್ದರೂ ಹೊರೆ ಮಿತಿ ಮೀರಿರುತ್ತದೆ. ಟೈರಿನ ಲೆಕ್ಕದಲ್ಲಿ ಹೊರೆ ಹೆಚ್ಚಿದ್ದರೂ ಒಂದೇ, ಗಾಳಿ ಕಡಿಮೆಯಿದ್ದರೂ ಒಂದೇ. ಎರಡರಲ್ಲೂ ಗೋಡೆ ಹೆಚ್ಚು ಬಗ್ಗುತ್ತದೆ, ಹೆಚ್ಚು ಕಾಯುತ್ತದೆ. ಹಿಂದೆ ಜೋಡಿ ಚಕ್ರ ಇರುವ ಗಾಡಿಗಳಲ್ಲಿ ಇನ್ನೊಂದು ತೊಂದರೆ. ಒಳಗಿನ ಟೈರಿನ ವಾಲ್ವಿಗೆ ಕೈ ಎಟುಕುವುದು ಕಷ್ಟವಾದ್ದರಿಂದ ಅದರ ಗಾಳಿ ನೋಡುವವರೇ ಇಲ್ಲ. ಅದು ಮೆತ್ತಗಾದರೆ ಹೊರಗಿನದು ಎರಡರ ಭಾರವನ್ನೂ ಹೊರುತ್ತದೆ, ಹೊರನೋಟಕ್ಕೆ ಗಾಡಿ ಸರಿಯಾಗಿಯೇ ನಿಂತಿರುತ್ತದೆ. ಹಳೆಯ ಲಾರಿ ಡ್ರೈವರುಗಳು ಹೊರಡುವ ಮುಂಚೆ ರಾಡಿನಿಂದ ಒಂದೊಂದೇ ಟೈರು ತಟ್ಟಿ ಸದ್ದು ಕೇಳುತ್ತಿದ್ದುದು ಇದೇ ಕಾರಣಕ್ಕೆ. ತೀರಾ ಮೆತ್ತಗಾದದ್ದು ಆ ಸದ್ದಿನಲ್ಲಿ ಸಿಕ್ಕಿಬೀಳುತ್ತದೆ. ಐದಾರು ಪಿಎಸ್‌ಐ ಕಡಿಮೆಯಾದದ್ದು ಗೇಜಿಗಷ್ಟೇ ತಿಳಿಯುತ್ತದೆ.

ಟೈರು ಮುದಿಯಾಗುವುದೂ ಈ ಲೆಕ್ಕಕ್ಕೆ ಸೇರುತ್ತದೆ. ರಬ್ಬರು ಬಿಸಿಲಿಗೂ ಆಮ್ಲಜನಕಕ್ಕೂ ಒಡ್ಡಿಕೊಂಡು ವರ್ಷ ಕಳೆದಂತೆ ಗಡುಸಾಗಿ ಸಣ್ಣ ಬಿರುಕು ಬಿಡುತ್ತದೆ. ಗುಂಡಿಗೆ ಜೋರಾಗಿ ಬಡಿದಾಗ ಪಕ್ಕದ ಗೋಡೆಯ ಒಳಗಿನ ನೂಲು ಹರಿದು, ಆ ಜಾಗದಲ್ಲಿ ಊತ ಬರುತ್ತದೆ. ಊತ ಬಂದ ಟೈರನ್ನು ಒಂದು ದಿನವೂ ಹೆದ್ದಾರಿಗೆ ಒಯ್ಯಬಾರದು, ಬಿಸಿಗೆ ಏರುವ ಮೂರು ನಾಲ್ಕು ಪಿಎಸ್‌ಐ ನಿಜವಾಗಿ ಹಾನಿ ಮಾಡುವುದು ಇಂಥ ಕಡೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರು ಟೈರಿನ ಗ್ರಿಪ್ಪಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗುವಂತಿಲ್ಲ. ಟೈರು ಯಾವಾಗ ತಯಾರಾಯಿತು ಎಂಬುದು ಗೋಡೆಯ ಮೇಲಿನ ನಾಲ್ಕು ಅಂಕಿಗಳಲ್ಲಿದೆ. 2319 ಎಂದಿದ್ದರೆ 2019ರ 23ನೇ ವಾರ. ಸೆಕೆಂಡ್ ಹ್ಯಾಂಡ್ ಟೈರು ಕೊಳ್ಳುವವರು ಗ್ರಿಪ್ ಮಾತ್ರ ನೋಡಿ ಈ ಅಂಕಿ ನೋಡದೆ ಬರುತ್ತಾರೆ.

ಇನ್ನು ನೈಟ್ರೋಜನ್. ಬೇಸಿಗೆ ಬಂದರೆ ನೈಟ್ರೋಜನ್ ತುಂಬಿಸಿಕೊಳ್ಳಿ, ಬಿಸಿಗೆ ಹಿಗ್ಗುವುದಿಲ್ಲ ಎಂಬ ಮಾತೂ ಕೇಳಿಬರುತ್ತದೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಅಮೋಂತೋ ಕಂಡ ನಿಯಮ ಶುದ್ಧ ನೈಟ್ರೋಜನ್‌ಗೂ ಹಾಗೆಯೇ ಅನ್ವಯಿಸುತ್ತದೆ, ಹತ್ತಕ್ಕೆ ಒಂದೂವರೆ ಅದಕ್ಕೂ ತಪ್ಪದು. ಅದರ ನಿಜವಾದ ಗುಣ ಬೇರೆ: ಅದು ಒಣಗಿರುತ್ತದೆ, ರಬ್ಬರಿನ ಮೂಲಕ ಸ್ವಲ್ಪ ನಿಧಾನವಾಗಿ ಸೋರುತ್ತದೆ.

ಒಣಗಿರುವುದು ಏಕೆ ಮುಖ್ಯ ಎಂದರೆ, ಕಂಪ್ರೆಸರ್ ಗಾಳಿಯನ್ನು ಒತ್ತಿ ಟ್ಯಾಂಕಿಗೆ ತುಂಬುವಾಗ ಗಾಳಿಯಲ್ಲಿದ್ದ ತೇವ ನೀರಾಗಿ ತಳದಲ್ಲಿ ನಿಲ್ಲುತ್ತದೆ. ಮಳೆಗಾಲದಲ್ಲಂತೂ ಜಾಸ್ತಿ. ತಳದ ಡ್ರೈನ್ ವಾಲ್ವ್ ತಿರುಗಿಸಿ ಆ ನೀರನ್ನು ದಿನವೂ ಹೊರಬಿಡಬೇಕು. ಬಿಡದಿದ್ದರೆ ಗಾಳಿಯ ಜೊತೆ ಸ್ವಲ್ಪ ನೀರೂ ಟೈರಿನೊಳಗೆ ಹೋಗುತ್ತದೆ. 25 ಡಿಗ್ರಿಯಲ್ಲಿ ಆ ನೀರು ಹೆಚ್ಚೇನೂ ಮಾಡದು. 60 ಡಿಗ್ರಿಯಲ್ಲಿ ಆವಿಯಾಗಿ ತಾನೇ ಸುಮಾರು ಎರಡೂವರೆ ಪಿಎಸ್‌ಐನಷ್ಟು ಹೆಚ್ಚುವರಿ ಒತ್ತಡ ಸೇರಿಸುತ್ತದೆ. "ಈ ಅಂಗಡಿಯ ಗಾಳಿ ಬಿಸಿಲಿಗೆ ಬೇಗ ಏರುತ್ತೆ" ಎಂದು ಕೆಲವು ಚಾಲಕರು ಹೇಳುವುದುಂಟು. ಅದಕ್ಕೆ ಕಾರಣ ಹೀಗೂ ಇರಬಹುದು. ಕಂಪ್ರೆಸರಿನ ನೀರು ದಿನವೂ ಬಸಿಯುವ ಅಂಗಡಿಯ ಸಾಧಾರಣ ಗಾಳಿ ನಮ್ಮ ಕಾರುಗಳಿಗೆ ಧಾರಾಳವಾಗಿ ಸಾಕು.

ನೈಟ್ರೋಜನ್ ಬೇಕೇಬೇಕು ಎನ್ನುವ ಜಾಗ ವಿಮಾನದ ಚಕ್ರ. 1986ರ ಮಾರ್ಚ್ 31ರಂದು ಮೆಕ್ಸಿಕೋ ನಗರದಿಂದ ಹೊರಟ ಮೆಕ್ಸಿಕಾನಾ ಸಂಸ್ಥೆಯ 940ನೇ ವಿಮಾನದ ಚಕ್ರದ ಬ್ರೇಕು ವಿಪರೀತ ಕಾದು, ಸಾಧಾರಣ ಗಾಳಿ ತುಂಬಿದ್ದ ಟೈರು ಹಾರಾಟದಲ್ಲಿ ಸ್ಫೋಟಗೊಂಡಿತು. ವಿಮಾನದಲ್ಲಿದ್ದ 167 ಜನರೂ ಸತ್ತರು. ಅಷ್ಟು ಬಿಸಿಯಲ್ಲಿ ರಬ್ಬರಿನಿಂದ ಹೊಮ್ಮುವ ಆವಿ ಆಮ್ಲಜನಕದೊಂದಿಗೆ ಸೇರಿ ಉರಿಯುವ ಅಪಾಯವಿದೆ. ನೈಟ್ರೋಜನ್‌ನಲ್ಲಿ ಅದು ಉರಿಯಲಾರದು. ರಸ್ತೆಯ ಮೇಲಿನ ಕಾರು ಆ ಮಟ್ಟದ ಶಾಖ ಕಾಣುವುದಿಲ್ಲ. ಆದರೂ ಶಿರಾಡಿ, ಚಾರ್ಮಾಡಿ ಘಾಟಿ ಇಳಿಯುವಾಗ ಗೇರಿನ ಬದಲು ಬರೀ ಬ್ರೇಕನ್ನೇ ಒತ್ತಿ ಇಳಿಯುವವರು ಬ್ರೇಕಿನ ಶಾಖ ರಿಮ್ಮಿನ ಮೂಲಕ ಟೈರಿಗೂ ಹೋಗುತ್ತದೆ ಎಂಬುದನ್ನು ತಿಳಿದಿರಬೇಕು.

ಘಾಟಿಯ ಜೊತೆಗೇ ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ, ಬೆಂಗಳೂರಿಗರಿಗೆ ಇದು ವಿಶೇಷವಾಗಿ ಸಂಬಂಧಿಸಿದ್ದು. ಬೆಂಗಳೂರಿನಲ್ಲಿ 33 ತುಂಬಿಸಿಕೊಂಡು ಮಂಗಳೂರಿಗೆ ಇಳಿದರೆ ಅಲ್ಲಿ ಹೊರಗಿನ ವಾತಾವರಣದ ಒತ್ತಡವೇ ಒಂದೂವರೆ ಪಿಎಸ್‌ಐ ಹೆಚ್ಚು. ಟೈರಿನೊಳಗಿನ ಗಾಳಿ ಎಳ್ಳಷ್ಟೂ ಸೋರದಿದ್ದರೂ, ಅದೇ ಉಷ್ಣತೆಯಲ್ಲಿ ಗೇಜ್ 31.5 ತೋರಿಸುತ್ತದೆ. ಕರಾವಳಿಯ ಸೆಕೆ ನಮ್ಮೂರಿಗಿಂತ ಐದು ಡಿಗ್ರಿ ಹೆಚ್ಚಿದ್ದರೆ ಮುಕ್ಕಾಲು ಅಂಕಿ ವಾಪಸು ಬರುತ್ತದೆ. ಒಟ್ಟಿನಲ್ಲಿ, "ಮಂಗಳೂರು ಸೆಕೆ, ಗಾಳಿ ಏರಿರುತ್ತೆ" ಎಂದುಕೊಂಡು ಅಲ್ಲಿ ಬೆಳಗ್ಗೆ ಅಳೆದರೆ ಕಾಣುವುದು ಇಳಿತ. ಹೊರೆ ಹೊರಲು ಬೇಕಾದದ್ದು ಹೊರಗಿನದಕ್ಕಿಂತ ಒಳಗೆ ಎಷ್ಟು ಹೆಚ್ಚಿದೆ ಎಂಬುದೇ ಆದ್ದರಿಂದ, ಅಲ್ಲೇ ಕೆಲವು ದಿನ ಇರುವವರು ಬೆಳಗಿನ ತಂಪಿನಲ್ಲಿ ನೋಡಿ ಕಡಿಮೆಯಾದಷ್ಟು ತುಂಬಿಸಿಕೊಳ್ಳುವುದು ಸರಿ.

ಈಗ ಬರುವ ಕೆಲವು ಕಾರುಗಳಲ್ಲಿ ಒತ್ತಡ ತೋರಿಸುವ ಸಾಧನ ಇರುತ್ತದೆ. ಅದು ಒಳ್ಳೆಯದು. ಆದರೆ ಎಚ್ಚರಿಕೆಯ ದೀಪ ಹೊತ್ತುವವರೆಗೆ ಕಾಯಬಾರದು. ಅಮೆರಿಕದ ನಿಯಮದಂತೆ ಆ ದೀಪ ಹೊತ್ತಬೇಕಾದದ್ದು ಒತ್ತಡ ಕಾಲು ಪಾಲು ಇಳಿದಾಗ, ಅಂದರೆ 33 ಇರಬೇಕಾದದ್ದು 25ಕ್ಕೆ ಬಂದಾಗ. ಅಷ್ಟರೊಳಗೆ ಟೈರು ಎಷ್ಟೋ ದಿನ ಹಾನಿ ಅನುಭವಿಸಿರುತ್ತದೆ. ನಮ್ಮಲ್ಲಿ 2020ರ ತಿದ್ದುಪಡಿಯ ನಂತರ, ಟ್ಯೂಬ್‌ಲೆಸ್ ಟೈರೂ ಈ ಸಾಧನವೂ ರಿಪೇರಿ ಕಿಟ್ಟೂ ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಸ್ಟೆಪ್ನಿ ಇಲ್ಲದ ಕಾರಿನವರು ಗಾಳಿಯ ಬಗ್ಗೆ ಇನ್ನೂ ಹೆಚ್ಚು ಎಚ್ಚರ ವಹಿಸಬೇಕು.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ಕನಿಷ್ಠ ಮೂರು ಗಂಟೆ ನಿಂತಿರುವ, ಒಂದೆರಡು ಕಿಲೋಮೀಟರಿಗಿಂತ ಕಡಿಮೆ ಓಡಿರುವ ಟೈರನ್ನು ತಣ್ಣಗಿದೆ ಎನ್ನಬಹುದು. ಬಹಳ ಜನರಿಗೆ ಇರುವ ತೊಂದರೆ ಎಂದರೆ, ಬೆಳಗ್ಗೆ ಮನೆ ಮುಂದೆ ಟೈರು ತಣ್ಣಗಿರುವಾಗ ಗಾಳಿ ತುಂಬುವ ಯಂತ್ರ ಇರುವುದಿಲ್ಲ, ಯಂತ್ರ ಇರುವಲ್ಲಿಗೆ ಹೋಗುವಷ್ಟರಲ್ಲಿ ಟೈರು ಕಾದಿರುತ್ತದೆ. ಇದಕ್ಕೆ ಒಂದು ಸುಲಭ ದಾರಿಯಿದೆ. ಸ್ವಂತಕ್ಕೆ ಒಂದು ಗೇಜ್ ಇಟ್ಟುಕೊಳ್ಳಿ. ಬೆಳಗ್ಗೆ ಹೊರಡುವ ಮುಂಚೆ, ಬಿಸಿಲು ಬೀಳುವ ಮೊದಲು, ನಾಲ್ಕೂ ಟೈರು ಅಳೆದು ಬರೆದುಕೊಳ್ಳಿ. ಸ್ಟಿಕ್ಕರಿನಲ್ಲಿ 33 ಇದ್ದು ನಿಮ್ಮ ಟೈರು 29 ತೋರಿಸಿದರೆ ಕೊರತೆ ನಾಲ್ಕು. ಪೆಟ್ರೋಲ್ ಬಂಕಿಗೆ ಹೋದಾಗ ಅದೇ ಟೈರು ಬಿಸಿಯಾಗಿ 32 ತೋರಿಸಬಹುದು. ಅಲ್ಲಿ 33ಕ್ಕೆ ನಿಲ್ಲಿಸದೆ, ಆ 32ರ ಮೇಲೆ ಕೊರತೆಯ ನಾಲ್ಕು ಸೇರಿಸಿ 36ಕ್ಕೆ ತುಂಬಿಸಿ. ಟೈರು ತಣಿದ ಮೇಲೆ ಅದು ಹೆಚ್ಚುಕಡಿಮೆ 33ಕ್ಕೆ ಬಂದು ನಿಲ್ಲುತ್ತದೆ. ದಾರಿಯ ಮಧ್ಯೆ ಗೇಜ್ 38 ತೋರಿಸಿತು ಎಂದು ಗಾಬರಿಯಾಗಿ ಗಾಳಿ ಬಿಡಬೇಡಿ. ನಾಲ್ಕರಲ್ಲಿ ಒಂದು ಮಾತ್ರ ಉಳಿದವಕ್ಕಿಂತ ತೀರಾ ಬಿಸಿಯಾಗಿದ್ದರೆ ಆಗ ನಿಲ್ಲಿಸಿ ನೋಡಬೇಕು. ಅದರಲ್ಲಿ ಗಾಳಿ ಕಡಿಮೆಯಿದ್ದಿರಬಹುದು, ಇಲ್ಲವೇ ಬ್ರೇಕು ಹಿಡಿದುಕೊಂಡಿರಬಹುದು.

ಸ್ಟಿಕ್ಕರನ್ನು ಇನ್ನೊಮ್ಮೆ ಓದಿದರೆ ಬಹಳಷ್ಟು ಕಾರುಗಳಲ್ಲಿ ಎರಡು ಸಾಲು ಕಾಣುತ್ತವೆ: ಇಬ್ಬರು ಮೂವರಿದ್ದಾಗ ಒಂದು ಸಂಖ್ಯೆ, ಪೂರ್ತಿ ಜನ ಮತ್ತು ಲಗೇಜ್ ಇದ್ದಾಗ ಇನ್ನೊಂದು. ರಜೆ ಬಂತೆಂದು ಐದು ಜನ, ಡಿಕ್ಕಿ ತುಂಬ ಬ್ಯಾಗು ಹೇರಿಕೊಂಡು ಧರ್ಮಸ್ಥಳಕ್ಕೋ ಮೈಸೂರಿಗೋ ಹೊರಡುವವರು ಆ ಎರಡನೆಯ ಸಾಲನ್ನು ನೋಡಿ, ಮುಖ್ಯವಾಗಿ ಹಿಂದಿನ ಟೈರುಗಳಿಗೆ, ಹೆಚ್ಚು ಗಾಳಿ ತುಂಬಿಸಿಕೊಂಡು ಹೊರಡಬೇಕು. ಊರಿಂದ ವಾಪಸು ಬಂದು, ಲಗೇಜ್ ಇಳಿಸಿ, ರಾತ್ರಿ ಕಾರು ತಣ್ಣಗೆ ನಿಂತ ಮೇಲೆ, ಮಾರನೆಯ ಬೆಳಗ್ಗೆ ಆ ಹೆಚ್ಚುವರಿ ಮೂರು ನಾಲ್ಕು ಅಂಕಿಯನ್ನು ಮೊದಲ ಸಾಲಿನ ಸಂಖ್ಯೆಗೆ ಇಳಿಸಿಕೊಳ್ಳಬಹುದು.